ನಿಂತಲ್ಲೇ ಕೈಚಾಚುವ ಕೋಶ

ಮೈಕ್ರೋಗ್ಲಿಯಾ ಮಿದುಳಿನ ಸ್ವಂತ ಕಾವಲು ಕೋಶಗಳು. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಬೆಳ್ಳಿಯ ಲವಣದ ಬಣ್ಣ ಹಿಡಿಸಿ ಅವನ್ನು ಬೇರೆಯಾಗಿ ಗುರುತಿಸಿ, ಹೆಸರಿಟ್ಟರು. ಗಾಜಿನ ಮೇಲೆ ಅವರು ಕಂಡದ್ದಾದರೂ ಸತ್ತ ಕೋಶಗಳನ್ನೇ. ಗಾಯವಿಲ್ಲದಾಗ ಇವು ಸುಮ್ಮನೆ ವಿಶ್ರಮಿಸುತ್ತವೆ ಎಂದು ಮುಂದೆ ಬಹುಕಾಲ ವಿಜ್ಞಾನಿಗಳು ನಂಬಿದ್ದರು. ಪಾಪ, ಸೋಮಾರಿ ಪಟ್ಟ!

2005ರಲ್ಲಿ ಆ ಪಟ್ಟ ಕಳಚಿತು. ಜೀವಂತ ಇಲಿಯ ತಲೆಬುರುಡೆಯನ್ನು ತೆಳ್ಳಗೆ ಹೆರೆದು, ಎರಡು ಫೋಟಾನ್ ಸೂಕ್ಷ್ಮದರ್ಶಕದಲ್ಲಿ ಸಂಶೋಧಕರು ಇಣುಕಿದರು. ಕೋಶದ ಒಡಲು ನಿಂತಲ್ಲೇ ಇದೆ. ಅದರ ನವಿರಾದ ಕವಲುಗಳು ಮಾತ್ರ ಬಿಡುವಿಲ್ಲದೆ ಚಾಚಿ, ಮುದುಡಿ, ಸುತ್ತಲನ್ನೆಲ್ಲ ತಡವುತ್ತಿವೆ. ಲೇಸರ್‌ನಿಂದ ಒಂದು ಚುಕ್ಕೆಯಷ್ಟು ಗಾಯ ಮಾಡಿದರೆ, ಅಕ್ಕಪಕ್ಕದ ಕೋಶಗಳೆಲ್ಲ ಅತ್ತ ಕೈಚಾಚುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ ಗಾಯದ ಸುತ್ತ ಬೇಲಿ ಸಿದ್ಧ. ಕರೆ ಕಳಿಸುವುದು ಎಟಿಪಿ. ಕೋಶದೊಳಗೆ ಶಕ್ತಿಯ ನಾಣ್ಯವಾಗಿದ್ದ ಅಣು, ಕೋಶ ಒಡೆದು ಹೊರಚೆಲ್ಲಿದಾಗ ಕೂಗಾಗುತ್ತದೆ. ಎಂಥ ಮಿತವ್ಯಯ!

ನರಕೋಶದ ಜೊತೆಗಿನ ಒಡನಾಟ ಇನ್ನೂ ಸೊಗಸು. 2020ರಲ್ಲಿ ಬುಡಾಪೆಸ್ಟಿನ ಸಂಶೋಧಕರು, ಮೈಕ್ರೋಗ್ಲಿಯಾದ ಕವಲು ನರಕೋಶದ ಒಡಲನ್ನೇ ಮುಟ್ಟಿ ನಿಲ್ಲುವ ವಿಶೇಷ ಸಂಧಿಗಳನ್ನು ತೋರಿಸಿದರು; ನರಕೋಶದ ಒಳಗಡೆ ಅಲ್ಲೇ ಮೈಟೋಕಾಂಡ್ರಿಯಾಗಳೂ ನೆರೆದಿರುತ್ತವೆ. ವೈದ್ಯ ನಾಡಿ ಹಿಡಿದ ಹಾಗೆ. ಇಲಿಗಳಿಗೆ ಪಾರ್ಶ್ವವಾಯು ತರಿಸಿದಾಗ ಈ ಅಪ್ಪುಗೆ ಅಗಲವಾಯಿತು. ನರಕೋಶದ ಸಂಕೇತ ಹಿಡಿಯುವ ಮೈಕ್ರೋಗ್ಲಿಯಾದ ಗ್ರಾಹಕವನ್ನು ಔಷಧಿಯಿಂದ ಮುಚ್ಚಿದಾಗ ಮಿದುಳಿನ ಹಾನಿ ಹೆಚ್ಚಿತು.

ಹೊಗಳಿಕೆಗೂ ಮಿತಿಯಿದೆ. ಉರಿಯೂತ ಆರದೆ ಉಳಿದರೆ ಇದೇ ಕೋಶ ಬದುಕಬಹುದಾದ ನರಕೋಶವನ್ನೂ ನುಂಗೀತು. ಆದರೂ ಆ ಮೊದಲ ಅರ್ಧ ಗಂಟೆಯಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಬೇರೆ ಯಾವ ಕೋಶದಲ್ಲೂ ಕಂಡಿಲ್ಲ.