ಹಾಡುವವರಿಗೆ ಬಿಟ್ಟ ಜಾಗ

ಕೆಲವು ಹಾಡುಗಳು ಕಾಗದದ ಮೇಲೆ ಸಪ್ಪೆ. ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ ಬರೆದ ಭಕ್ತಿಗೀತೆಗಳು ಆ ಜಾತಿಯವು. ಪದಗಳು ಸರಳ, ಪ್ರಾಸ ಮೊದಲೇ ಊಹಿಸಬಹುದಾದದ್ದು. ಮಟ್ಟು ಹಲವು ಕಡೆ ಐದೇ ಸ್ವರಗಳಲ್ಲಿ ಸುತ್ತಾಡುತ್ತದೆ. ನಮ್ಮ ಕಿವಿಗೆ ಮೋಹನ ರಾಗದ ನೆರಳು ಕಂಡೀತು. ಸ್ವರಲಿಪಿ ನೋಡಿ ಇದರಲ್ಲೇನಿದೆ ಎಂದು ಪುಟ ಮಗುಚಿಬಿಡಬಹುದು. ಆದರೆ ಅದನ್ನೇ ಅಮೆರಿಕದ ಕಪ್ಪು ಜನರ ಸಭೆ ಹಾಡುವಾಗ ಕೇಳಬೇಕು. ಸಾಲಿನ ಕೊನೆಯಲ್ಲಿ ಸ್ವರ ಉದ್ದಕ್ಕೆ ನಿಲ್ಲುತ್ತದೆ. ಆ ಬಿಡುವಿನಲ್ಲಿ ಒಬ್ಬರು ಹೂಂಗುಟ್ಟುತ್ತಾರೆ, ಇನ್ನೊಬ್ಬರು ನರಳುತ್ತಾರೆ, ಮತ್ತೊಬ್ಬರು ಪದವನ್ನೇ ಎಳೆದು ಬಾಗಿಸಿ ತಮ್ಮದು ಮಾಡಿಕೊಳ್ಳುತ್ತಾರೆ. ತಮ್ಮ ಜನ ಹೇಗೆ ಹಾಡುತ್ತಾರೆಂದು ಬಲ್ಲವರು ಮಾತ್ರ ಇಂಥ ಜಾಗ ಬಿಡಬಲ್ಲರು.

ಟಿಂಡ್ಲಿ ಹುಟ್ಟಿದ್ದು 1851ರಲ್ಲಿ, ಮೇರಿಲ್ಯಾಂಡಿನ ಬರ್ಲಿನ್ ಎಂಬ ಊರಿನಲ್ಲಿ. ತಂದೆ ಗುಲಾಮ, ತಾಯಿ ಸ್ವತಂತ್ರಳು. ಹಾಗಾಗಿ ಮಗುವೂ ಸ್ವತಂತ್ರ. ತಾಯಿ ಬೇಗ ತೀರಿಕೊಂಡಳು, ಹುಡುಗ ಕಂಡವರ ಮನೆಯ ಕೂಲಿಗೆ ಬಿದ್ದ. ದಾರಿಯಲ್ಲಿ ಸಿಕ್ಕ ಪತ್ರಿಕೆಯ ಚೂರುಗಳನ್ನು ಆಯ್ದಿಟ್ಟುಕೊಂಡು, ರಾತ್ರಿ ಪೈನ್ ಕಟ್ಟಿಗೆಯ ಉರಿಯಲ್ಲಿ ತಾನೇ ಅಕ್ಷರ ಕೂಡಿಸಿದ. ಮುಂದೆ ಫಿಲಡೆಲ್ಫಿಯಾದಲ್ಲಿ ಇಟ್ಟಿಗೆ ಹೊತ್ತು, ರಾತ್ರಿ ಶಾಲೆಗೆ ಹೋಗಿ, ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಕಸ ಗುಡಿಸಿದ. ಗ್ರೀಕ್ ಕಲಿತದ್ದು ಅಂಚೆಯ ಪಾಠಗಳಿಂದ. 1885ರಲ್ಲಿ ಬೋಧಕರಾದ ಟಿಂಡ್ಲಿ 1902ರಲ್ಲಿ, ಹಿಂದೆ ತಾವೇ ಗುಡಿಸಿದ್ದ ಆ ಚರ್ಚಿಗೆ ಸಭಾಪಾಲಕರಾಗಿ ಬಂದರು. ಇದನ್ನು ಪವಾಡದ ಕತೆಯಂತೆ ಹೇಳುವವರಿದ್ದಾರೆ. ನಡುವೆ ಊರಿಂದೂರಿಗೆ ವರ್ಗವಾಗುತ್ತ ಸಣ್ಣ ಸಭೆಗಳನ್ನು ನೋಡಿಕೊಂಡ ಹದಿನೇಳು ವರ್ಷಗಳನ್ನು ಅವರು ಮರೆಯುತ್ತಾರೆ.

1905ರ 'ಸ್ಟ್ಯಾಂಡ್ ಬೈ ಮಿ' ನನಗೆ ಅವರ ಹಾಡುಗಳಲ್ಲೆಲ್ಲ ಹೆಚ್ಚು ಇಷ್ಟ. ಐದು ಚರಣ, ಎಲ್ಲದರಲ್ಲೂ ಒಂದೇ ಬೇಡಿಕೆ: ಜೊತೆಗಿರು. ಮೊದಲು ಕಷ್ಟದ ಹೆಸರು, ಆಮೇಲೆ ಬೇಡಿಕೆ. ಮತ್ತೆ ಅದೇ ಕಷ್ಟ, ಅದೇ ಬೇಡಿಕೆ. ಹಾಡು ಮೊದಲ ಸಲ ಕೇಳುವವನೂ ಮೂರನೆಯ ಸಲಕ್ಕೆ ದನಿಗೂಡಿಸಬಹುದು. ಕುಶಲತೆ ಇರುವುದು ಬದಲಾಗುವ ಕಡೆ. ಬಿರುಗಾಳಿಯ ಚರಣದಲ್ಲಿ ದೇವರು ಗಾಳಿ ನೀರುಗಳ ಒಡೆಯ. ಸಂಕಟದ ಚರಣದಲ್ಲಿ ಸೋಲರಿಯದ ಯೋಧ. ತನ್ನದೇ ತಪ್ಪುಗಳು, ಗೆಳೆಯರ ಅಪಾರ್ಥಗಳ ಚರಣಕ್ಕೆ ಬಂದರೆ ಶಕ್ತಿಯ ಮಾತೇ ಇಲ್ಲ. ತನ್ನನ್ನು ಪೂರ್ತಿ ಬಲ್ಲವನೇ ಎಂದಷ್ಟೇ ಕರೆ. ಹಿಂಸೆಯ ಚರಣಕ್ಕೆ ಬೈಬಲಿನಲ್ಲಿ ಬರುವ ಸೆರೆಮನೆಯ ಪೌಲ, ಸೀಲರ ನೆನಪು. ಕೊನೆಗೆ ಮುಪ್ಪು. ಅಲ್ಲಿ ಯೋಧನೂ ಇಲ್ಲ, ಒಡೆಯನೂ ಇಲ್ಲ. ಅದೇ ಬೈಬಲಿನ ಪರಮಗೀತದಿಂದ ಬಂದ ಒಂದು ಹೂವಿನ ಹೆಸರಿದೆ. ಕೈಕಾಲು ಸೋತವನಿಗೆ ಯುದ್ಧದ ದೇವರು ಯಾಕೆ ಬೇಕು? ಇಷ್ಟು ಸೂಕ್ಷ್ಮವಾದ ಆಯ್ಕೆಯನ್ನು ಎಲ್ಲೂ ಎತ್ತಿ ತೋರಿಸದೆ ಮಾಡಿದ್ದಾರೆ.

1961ರಲ್ಲಿ ಬೆನ್ ಇ. ಕಿಂಗ್ ಹಾಡಿದ ಅದೇ ಹೆಸರಿನ ಪ್ರೇಮಗೀತೆಯ ಹಿಂದೆ ಈ ಭಕ್ತಿಗೀತೆಯ ಪರಂಪರೆ ಇದೆ. ಹಾಡು ದೇವರಿಂದ ಪ್ರಿಯತಮೆಗೆ ಹೊರಳಿದರೂ ಬೇಡಿಕೆ ಅದೇ ಉಳಿಯಿತು.

'ಐ'ಲ್ ಓವರ್‌ಕಮ್ ಸಮ್ ಡೇ' ಎಂಬ ಟಿಂಡ್ಲಿಯ ಇನ್ನೊಂದು ಹಾಡು ಇನ್ನೂ ದೂರ ಹೋಯಿತು. 1945ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಹಾಡಿದ, ಆಮೇಲೆ ನಾಗರಿಕ ಹಕ್ಕುಗಳ ಚಳವಳಿಯ ಗೀತೆಯಾದ, ನಮ್ಮ ಶಾಲೆಗಳಲ್ಲೂ ಮೆರವಣಿಗೆಗಳಲ್ಲೂ ಕನ್ನಡದಲ್ಲೇ ಕೇಳಿಬರುವ 'ವಿ ಶಲ್ ಓವರ್‌ಕಮ್' ಹಾಡಿಗೆ ಇದೂ ಒಂದು ಮೂಲವೆಂದು ಹಲವರು ಹೇಳುತ್ತಾರೆ. ಮಟ್ಟು ಬೇರೆ, ಹಾಗಾಗಿ ವಾದ ಮುಗಿದಿಲ್ಲ. ಟಿಂಡ್ಲಿಯ ಹಾಡಿನಲ್ಲಿ ಹೋರಾಡುವವನು ಒಬ್ಬನೇ. ಅವನ ಶತ್ರು ಹೊರಗೆಷ್ಟೋ ಒಳಗೂ ಅಷ್ಟೇ. ಗೆಲ್ಲುತ್ತೇನೆ ಅನ್ನುವಾಗಲೂ ಮನಸ್ಸು ಸೋಲದಿದ್ದರೆ ಎಂಬ ಷರತ್ತು ಹಾಕಿಕೊಳ್ಳುತ್ತಾನೆ. ಸಾವಿರ ಜನ ಕೈಹಿಡಿದು ನಿಂತಾಗ ಅಂಥ ಷರತ್ತಿಗೆ ಎಡೆಯಿಲ್ಲ, ಒಪ್ಪುತ್ತೇನೆ. ಆದರೂ ಹಾಡಾಗಿ ನನಗೆ ಹಿಡಿಸುವುದು ಆ ಅಳುಕಿರುವ ಹಳೆಯದೇ.