ಅಂಕಿಯ ಆಚೆಗಿನ ಸಂಕಟ

ಸೊನ್ನೆಯಿಂದ ಹತ್ತರವರೆಗೆ ಗೆರೆ ಎಳೆದ ಥರ್ಮಾಮೀಟರಿನ ಚಿತ್ರ. ಕಳೆದ ವಾರವೆಲ್ಲ ಮನಸ್ಸಿಗೆ ಎಷ್ಟು ಸಂಕಟವಾಗಿತ್ತು ಎಂದು ರೋಗಿ ಅದರ ಮೇಲೆ ಗುರುತು ಹಾಕಬೇಕು. ನಾಲ್ಕು ಅಥವಾ ಹೆಚ್ಚು ಬಂದರೆ ಕೂರಿಸಿ ವಿಚಾರಿಸಬೇಕು. ಅನೇಕ ದೇಶಗಳ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ 'ಡಿಸ್ಟ್ರೆಸ್ ಥರ್ಮಾಮೀಟರ್' ಇದು. ನ್ಯೂಯಾರ್ಕಿನ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಮತ್ತು ಸಂಗಡಿಗರು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ ಗಂಡಸರಲ್ಲಿ ಇದನ್ನು ಬಳಸಿ ನೋಡಿ, 1998ರಲ್ಲಿ ವರದಿ ಪ್ರಕಟಿಸಿದರು. ಮನೋರೋಗಿ ಎಂಬ ಹಣೆಪಟ್ಟಿಗೆ ಹೆದರಿ ಬಾಯಿಬಿಡದವರೂ ಒಂದು ಅಂಕಿಯನ್ನು ತೋರಿಸಬಲ್ಲರು. ಈ ಸರಳ ಸಾಧನದ ದೊಡ್ಡ ಗುಣ ಅದೇ.

ಆದರೂ ನನಗೆ ಅಂಕಿಗಿಂತ ಮುಖ್ಯವಾಗಿ ಕಾಣುವುದು ಅದರ ಜೊತೆಗಿರುವ ಸಮಸ್ಯೆಗಳ ಪಟ್ಟಿ: ನೋವು, ನಿದ್ದೆ, ಹಣ, ಓಡಾಟ, ಮಕ್ಕಳು, ದಾಂಪತ್ಯ, ದೇವರ ಮೇಲಿನ ನಂಬಿಕೆ. ಇಬ್ಬರು 'ಏಳು' ಎಂದರೂ ಸಂಕಟ ಒಂದೇ ಆಗಿರುವುದಿಲ್ಲ. ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಬಂದು ಬಾಯಿ ಕ್ಯಾನ್ಸರಿಗೆ 'ಕರೆಂಟ್', ಅಂದರೆ ವಿಕಿರಣ, ಕೊಡಿಸಿಕೊಳ್ಳುವ ಕೂಲಿಕಾರನಿಗೆ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಎಳೆಯುತ್ತದೆ. ಸರ್ಕಾರಿ ಕಾರ್ಡು ಚಿಕಿತ್ಸೆಯ ಖರ್ಚು ಭರಿಸಿದರೂ ಅವನ ಕೂಲಿಯನ್ನು ತುಂಬಿಕೊಡುವುದಿಲ್ಲ, ಜೊತೆಗೆ ಬಂದ ಹೆಂಡತಿಯ ಕೂಲಿಯನ್ನೂ. ಬಾಯೊಳಗೆ ಹುಣ್ಣು, ನುಂಗಿದರೆ ಉರಿ, ಮಾತು ತೊದಲು. ಗುಟ್ಕಾ ತಿಂದು ತಾನೇ ತಂದುಕೊಂಡೆ ಎಂಬ ಕೊರಗು ಇವೆಲ್ಲದರ ಮೇಲೆ. ಇಂಥವನಿಗೆ ಧೈರ್ಯ ಹೇಳುವ ಮೊದಲು ನೋವಿಗೆ ಸರಿಯಾದ ಔಷಧಿ ಕೊಡಬೇಕು, ತಂಗಲು ಜಾಗ ತೋರಿಸಬೇಕು. ಪಕ್ಕದ ಹಾಸಿಗೆಯಾಕೆಯ ಏಳಕ್ಕೆ ಕಾರಣ ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಕೆಡಿಸಿದ ನಿದ್ದೆ ಇರಬಹುದು, ಇಲ್ಲವೇ ಮುಂದಿನ ವಾರದ ಸ್ಕ್ಯಾನ್ ಏನು ಹೇಳುತ್ತದೋ ಎಂಬ ದಿಗಿಲು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ: ಎಳೆಯ ಮಕ್ಕಳ ತಾಯಂದಿರು ಹಿರಿಯರಿಗಿಂತ ಹೆಚ್ಚು ಕುಗ್ಗುವುದುಂಟು. ಹಿಂದೆ ಖಿನ್ನತೆ ಅನುಭವಿಸಿದ್ದವರ ಮೇಲಂತೂ ವಿಶೇಷ ನಿಗಾ ಬೇಕು.

ಇಷ್ಟನ್ನು ಕೆದಕಿ ಕೇಳದೆ ಅಂಕಿ ಬರೆದು ಫೈಲಿಗೆ ಸೇರಿಸುವ ಆಸ್ಪತ್ರೆ ಅಳತೆ ಮಾಡಿದೆಯೇ ಹೊರತು ಆರೈಕೆಯನ್ನಲ್ಲ. ನೋಡಿಕೊಳ್ಳುವ ಆಪ್ತಸಮಾಲೋಚಕರೋ ಸಮಾಜ ಕಾರ್ಯಕರ್ತರೋ ಇಲ್ಲದ ಕಡೆ, ಕೇವಲ ತಪಾಸಣೆಯಿಂದ ರೋಗಿಗೆ ಹೆಚ್ಚೇನೂ ಸಿಗದು.

ನಮ್ಮಲ್ಲಿ ಇನ್ನೂ ಆಳದ ತೊಡಕೊಂದಿದೆ. 'ಅಪ್ಪಂಗೆ ಮಾತ್ರ ಹೇಳ್ಬೇಡಿ ಡಾಕ್ಟ್ರೇ' ಎಂದು ಮಕ್ಕಳು ಕೈಮುಗಿಯುತ್ತಾರೆ. ಪ್ರೀತಿಯ ಮಾತೇ ಅದು, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆಸ್ಪತ್ರೆಯ ಬೋರ್ಡು, ಉದುರುವ ಕೂದಲು, ನೆಂಟರ ಪಿಸುಮಾತು ಅಪ್ಪನಿಗೆ ಎಲ್ಲವನ್ನೂ ಹೇಳಿಬಿಡುತ್ತವೆ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರಬೇಕಾದ ಆತ, ಮಗ ಪಕ್ಕದಲ್ಲಿ ನಿಂತಿರುವಾಗ ಸೊನ್ನೆಯ ಹತ್ತಿರವೇ ಗುರುತು ಹಾಕುತ್ತಾನೆ. ಆ ಸೊನ್ನೆಯನ್ನು ನಂಬುವುದು ಹೇಗೆ? ಹಾಗಾಗಿ ಅಂಕಿ ಕೇಳುವ ಮುನ್ನ, ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ನರ್ಸ್ ಒಬ್ಬರು ಎರಡು ಮಾತು ಕೇಳಬೇಕು: ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಹೇಳಿದ್ದಾರೆ? ಇನ್ನೂ ಎಷ್ಟು ತಿಳಿಯಬೇಕು ಅನ್ನಿಸುತ್ತದೆ? ತಿಳಿಯುವುದು ಬೇಡ ಎಂದರೆ ಅದನ್ನೂ ಗೌರವಿಸಿ ಬರೆದುಕೊಳ್ಳಬೇಕು.