ಬಕೆಟ್ ಹಿಡಿದು ಓಡಿದ ಮೇಟ್ರನ್

ಹೋದ ಚಳಿಗಾಲ ಇಲ್ಲಿ ಗುಜರಾತಿನ ಗೋರ್ವಾದ ಕಾರ್ಖಾನೆ ಶೆಡ್ಡುಗಳ ಹಿಂದಿನ ಖಾಲಿ ಜಾಗದಲ್ಲಿ ಮೂರು ರಾತ್ರಿ ಉಜ್ಜೀವನ ಕೂಟ ನಡೆಯಿತು. ಶಾಮಿಯಾನ, ಬಾಡಿಗೆ ಕುರ್ಚಿ, ಗುಜರಾತಿ ಹಾಡು, ಹಿಂದಿ ಪ್ರಸಂಗ. ಧಾರವಾಡದ ಬಾಸೆಲ್ ಮಿಶನ್ ಸಭೆಯ ಶಿಸ್ತಿನಲ್ಲಿ ಬೆಳೆದ ನಾನು ಕೊನೆಯ ಸಾಲು ಹಿಡಿದು ಕೂತಿದ್ದೆ. ಪಕ್ಕದಲ್ಲೇ ಮೈಕ್ ಸೆಟ್ಟಿನವರ ಮೇಜು. ಬೋಧಕರು ಕೈ ಎತ್ತಿ ದನಿ ತಗ್ಗಿಸಿದಾಗಲೆಲ್ಲ ಅಲ್ಲಿದ್ದ ಹುಡುಗ ಕೀಬೋರ್ಡಿನ ಸದ್ದನ್ನು ಒಂದು ಬೆರಳಿನಲ್ಲಿ ಮೆಲ್ಲಗೆ ಏರಿಸುತ್ತಿದ್ದ. ಮುಂದಿನ ಸಾಲುಗಳಲ್ಲಿ ಅಳು ಶುರುವಾಗುತ್ತಿತ್ತು. ಮೂರನೆಯ ರಾತ್ರಿ ಆ ಬೆರಳನ್ನೇ ನೋಡುತ್ತಿದ್ದರೂ ನನ್ನ ಕಣ್ಣೂ ತುಂಬಿತು. ಹಾಗಾಗಿ ಗೇಲಿ ಮಾಡುವ ಹಕ್ಕು ನನಗಿಲ್ಲ.

ಬೋಧಕರ ಬಾಯಲ್ಲಿ 1904ರ ವೇಲ್ಸ್ ಉಜ್ಜೀವನ ಬಂತು, 1906ರ ಲಾಸ್ ಏಂಜಲೀಸ್ ಉಜ್ಜೀವನ ಬಂತು. ಇವೆರಡರ ನಡುವೆ, 1905ರಲ್ಲಿ, ಪುಣೆ ಹತ್ತಿರದ ಕೇಡಗಾಂವಿನ ಮುಕ್ತಿ ಸದನದಲ್ಲಿ ನಡೆದದ್ದು ಮಾತ್ರ ಬರಲಿಲ್ಲ. ಗುಜರಾತಿನಲ್ಲಿ ನಿಂತು ಅದನ್ನು ಮರೆತರೆ ಹೇಗೆ? ಇಲ್ಲಿನವರು ಇಂದಿಗೂ ‘ಛಪ್ಪನಿಯೋ’ ಎನ್ನುವ 1899-1900ರ ಬರದಲ್ಲಿ ಈ ಸೀಮೆಯ ನೂರಾರು ಹೆಣ್ಣುಮಕ್ಕಳನ್ನು ರೈಲು ಹತ್ತಿಸಿ ಅಲ್ಲಿಗೆ ಕರೆದೊಯ್ದವರು ಆ ಸದನ ಕಟ್ಟಿದ ಪಂಡಿತಾ ರಮಾಬಾಯಿ. ನಮ್ಮ ಕಾರ್ಕಳ ಕಡೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡವರು. ಹಸಿವು ಅವರಿಗೆ ಯಾರೋ ಹೇಳಿದ ಕಥೆಯಾಗಿರಲಿಲ್ಲ.

ಅವರ ಒಂದು ಮಾತು ಕೂಟಗಳಲ್ಲಿ ಕೇಳಿಬರುವುದು ಅಪರೂಪ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಸುಮಾರು ಎಂಟು ವರ್ಷ ತಮಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂದು ಅವರೇ 1907ರ ತಮ್ಮ ಸಾಕ್ಷಿಯಲ್ಲಿ ಬರೆದುಕೊಂಡರು. ನಂಬಿಕೆ ತಣ್ಣಗಾಗಿದೆ ಎಂದು ಪ್ರತಿ ಕೂಟದಲ್ಲೂ ಸಭೆಯನ್ನು ಗದರಿಸುವವರಿದ್ದಾರೆ. ಇವರು ಗದರಿಸಿದ್ದು ತಮ್ಮನ್ನೇ.

1905ರ ಆರಂಭದಲ್ಲಿ ಮುಕ್ತಿಯಲ್ಲಿ ಸುಮಾರು 70 ಮಂದಿಯಿಂದ ಶುರುವಾದ ಪ್ರಾರ್ಥನೆಯ ಗುಂಪು ಜೂನ್ ಹೊತ್ತಿಗೆ 550ಕ್ಕೆ ಬೆಳೆಯಿತು; ದಿನಕ್ಕೆರಡು ಬಾರಿ ಕೂಡುತ್ತಿದ್ದರು. ಜೂನ್ 29ರ ನಸುಕಿನಲ್ಲಿ, ಇನ್ನೂ ನಾಲ್ಕು ಹೊಡೆದಿರಲಿಲ್ಲ, ಹುಡುಗಿಯೊಬ್ಬಳ ಸುತ್ತ ಬೆಂಕಿ ಕಂಡು ಮೇಟ್ರನ್ ಹೌಹಾರಿ ಕೋಣೆಯ ಆ ತುದಿಗೆ ಓಡಿ ಬಕೆಟ್ ನೀರು ತಂದರು. ಸುರಿಯಬೇಕೆನ್ನುವಷ್ಟರಲ್ಲಿ ಹುಡುಗಿ ಸುಡುತ್ತಿಲ್ಲ ಎಂಬುದು ತಿಳಿಯಿತು. ಮುಕ್ತಿಯಲ್ಲಿದ್ದ ಮೆಥಡಿಸ್ಟ್ ಮಿಶನರಿ ಮಿನ್ನಿ ಏಬ್ರಮ್ಸ್ ಬರೆದಿಟ್ಟ ಸಂಗತಿಯಿದು. ಅವರ ಗಮನ ಬೆಂಕಿಯ ಮೇಲಿತ್ತು. ನನಗೆ ಬಕೆಟ್ಟೇ ಮುಖ್ಯ. ಹುಡುಗಿಗೆ ಬೆಂಕಿ ಹತ್ತಿದರೆ ಮೊದಲು ನೀರಿಗೆ ಓಡುವವರಿದ್ದ ಮನೆ ಅದು. ಅಲ್ಲಿ ಸುಮಾರು ಎರಡು ಸಾವಿರ ಬಾಯಿಗೆ ಬೇಯಿಸುವ ಒಲೆ, ಬಾವಿ, ಹೊಲ, ಮಗ್ಗ, ಹೆಂಗಸರೇ ಅಚ್ಚುಮೊಳೆ ಜೋಡಿಸುವ ಮುದ್ರಣಾಲಯ ಇದ್ದವು. ರಾತ್ರಿ ಪ್ರಾರ್ಥನೆಯಲ್ಲಿ ಅತ್ತವರು ಬೆಳಗಾದರೆ ಆ ಕೆಲಸಕ್ಕೇ ಎದ್ದು ಹೋಗಬೇಕಿತ್ತು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ಬೈಬಲ್ ಅನುವಾದಿಸುವುದನ್ನು 1922ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಪ್ರಾರ್ಥನೆಯಲ್ಲಿ ತಾವೇ ಅರಿಯದ ನುಡಿ ಆಡುವ ‘ಅನ್ಯಭಾಷೆ’ಯ ವಿಷಯದಲ್ಲೂ ಮುಕ್ತಿ ಹದ ತಪ್ಪಲಿಲ್ಲ: ಅದನ್ನು ಬೇಡವೆನ್ನಲಿಲ್ಲ, ಅದಿಲ್ಲದವರಿಗೆ ಪವಿತ್ರಾತ್ಮ ಬಂದಿಲ್ಲ ಎಂದು ಹಟವನ್ನೂ ಹಿಡಿಯಲಿಲ್ಲ.

ಹಾಗೆಂದು ಕೇಡಗಾಂವಿಗೆ ಕಣ್ಣು ಮುಚ್ಚಿ ಕೈ ಮುಗಿಯಲಾರೆ. ಅನ್ನ, ಸೂರು, ಓದು ಎಲ್ಲವೂ ಒಂದೇ ಕೈಯಿಂದ ಬರುವಾಗ, ಆ ಕೈ ಬಯಸಿದ ಅಳು ಎಷ್ಟು ಸ್ವಂತದ್ದು? ಹತ್ತು ಹನ್ನೆರಡು ವರ್ಷದ, ತಂದೆತಾಯಿ ಕಣ್ಣೆದುರೇ ಸತ್ತ ಹುಡುಗಿ ರಾತ್ರಿಯಿಡೀ ಬಿಕ್ಕಿದರೆ ಅದು ಪಾಪದ ಅರಿವೋ, ಐದು ವರ್ಷ ಹೊರಬರದೆ ಉಳಿದಿದ್ದ ದುಃಖವೋ? ಬಹುಶಃ ಎರಡೂ ಇರಬಹುದು. ಅವಳನ್ನೇ ಕೇಳೋಣವೆಂದರೆ ನಮಗೆ ದಕ್ಕಿದ್ದು ಹೆಚ್ಚಾಗಿ ಮಿಶನರಿಗಳು ದೂರದ ಓದುಗರಿಗೆಂದು ಇಂಗ್ಲಿಷಿನಲ್ಲಿ ಬರೆದ ವರದಿಗಳು. ಖೇಡಾ ಕಡೆಯ ಗುಜರಾತಿ ಮಾತಾಡುತ್ತಿದ್ದವಳು ಅಂದು ಯಾವ ಭಾಷೆಯಲ್ಲಿ ಅತ್ತಳು ಎಂಬುದೂ ಅವುಗಳಲ್ಲಿ ಕರಗಿಹೋಗುತ್ತದೆ.

ಈ ಅನುಮಾನ ಇಟ್ಟುಕೊಂಡೇ ಹೇಳುತ್ತೇನೆ, ಗೋರ್ವಾದ ಕೂಟಕ್ಕಿಂತ ಕೇಡಗಾಂವಿನದು ಗಟ್ಟಿ. ನಮ್ಮಲ್ಲಿ ಅಳು ಮೊದಲು ಬರುತ್ತದೆ, ಕೆಲಸದ ಸುಳಿವಿರುವುದಿಲ್ಲ. ಮೂರನೆಯ ರಾತ್ರಿ ನನ್ನ ಮುಂದಿನ ಕುರ್ಚಿಯಲ್ಲಿದ್ದ ಹೆಂಗಸು ಸಾಕ್ಷಿ ಹೇಳಲು ಎದ್ದಳು. ಗಂಡನ ಕುಡಿತದ ವಿಷಯಕ್ಕೆ ಬರುತ್ತಿದ್ದಂತೆ ದನಿ ಕಟ್ಟಿತು. ಸಭೆ ‘ಹಲ್ಲೆಲೂಯಾ’ ಎಂದಿತು, ಮೈಕ್ ಮುಂದಿನವರ ಕೈಗೆ ಹೋಯಿತು. ಕೂಟ ಮುಗಿದ ಮೇಲೆ ಅವಳ ಮನೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ಚಪ್ಪಲಿ ಹುಡುಕಿಕೊಂಡು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಶೇರ್ ರಿಕ್ಷಾ ಸಿಗುವ ದಿಕ್ಕಿಗೆ ನಡೆದಳು.

ಟೆಂಪೋಗೆ ಕುರ್ಚಿ ಏರುತ್ತಿದ್ದವು. ವೈರ್ ಸುತ್ತುತ್ತಿದ್ದ ಹುಡುಗ ನನ್ನತ್ತ ತಿರುಗಿ ಕೇಳಿದ, ‘ಅಂಕಲ್, ಆವಾಜ್ ಬರಾಬರ್ ಹತೋ?’

ಬರಾಬರ್ ಇತ್ತಪ್ಪ, ಎಂದೆ.